‘ನೋಡಿ’ ಕಾರ್ಡು

ಮೈಸೂರಿನ ಅಧಿಕಾರಿ ಬರುವುದು ಹನ್ನೊಂದಕ್ಕೆ. ಶಿವಮಲ್ಲಪ್ಪ ಏಳೂವರೆಗೇ ಬಂದು ಜ್ಞಾನೋದಯ ವಾಚನಾಲಯದ ಬೀಗ ತೆಗೆದು, ಕಿಟಕಿ ಕೂಡ ತೆರೆಯದೆ, ನೆಟ್ಟಗೆ ಹೋಗಿ ಕಾರ್ಡಿನ ಬೀರುವಿನ ಮುಂದೆ ನಿಂತ. ಹನ್ನೆರಡು ಡ್ರಾಯರು, ನಾಲ್ಕು ಸಾವಿರದ ಚಿಲ್ಲರೆ ಕಾರ್ಡು. ಇರುವ ಒಂದೊಂದು ಪುಸ್ತಕಕ್ಕೂ ಬರೆದವರ ಹೆಸರಿನ ಮೇಲೊಂದು, ಪುಸ್ತಕದ ಹೆಸರಿನ ಮೇಲೊಂದು, ವಿಷಯದ ಮೇಲೊಂದು ಎಂದು ಮೂರು ಮೂರು ಕಾರ್ಡನ್ನು ತನ್ನ ಕೈಯಾರೆ, ಒಂದು ಅಕ್ಷರ ಮೇಲಿಲ್ಲ ಒಂದು ಅಕ್ಷರ ಕೆಳಗಿಲ್ಲ ಎಂಬಂತೆ ಬರೆದಿದ್ದ. ಬಲಗಡೆಯ ಎರಡನೆಯ ಡ್ರಾಯರಿನ ಮೇಲೆ ‘ತ–ನ’ ಎಂದು ಚೀಟಿ. ಅದನ್ನು ಎಳೆದು, ಕತ್ತಲಲ್ಲೇ ಬೆರಳಾಡಿಸಿದ. ನೋಡುವ ಅಗತ್ಯವೇ ಇರಲಿಲ್ಲ. ಉಳಿದ ಕಾರ್ಡುಗಳ ಅಂಚುಗಳು ಮೂರು ನಾಲ್ಕು ವರ್ಷದಲ್ಲಿ ಮೆದುವಾಗಿದ್ದವು, ಇದೊಂದು ಮಾತ್ರ ಇನ್ನೂ ಗರಿಗರಿಯಾಗಿತ್ತು. ಹೊರಗೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಹೋಗಿ ಕಿಟಕಿ ತೆರೆದ.

ಬೆಳಕು ಬಿದ್ದ ಮೇಲೆ ಬೀರು ಚೆನ್ನಾಗಿಯೇ ಕಾಣಿಸಿತು. ಕಾಣಲೇಬೇಕು, ಅದಕ್ಕಾಗಿಯೇ ಅಧಿಕಾರಿ ಬರುತ್ತಿರುವುದು. ಕಾರ್ಡುಗಳು ಓದುಗರ ಕಣ್ಣಿಗೆ ಹೇಗೆ ಕಾಣುತ್ತವೆ, ಅಕ್ಷರ ಬಲ್ಲ ಯಾವನೇ ಒಬ್ಬ ಬೀದಿಯಿಂದ ಬಂದು ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳಬಲ್ಲನೇ ಎಂದು ಪರೀಕ್ಷೆ ಮಾಡಿ ವರದಿ ಬರೆಯುತ್ತಾರಂತೆ. ವರದಿ ನೆಟ್ಟಗಿದ್ದರೆ ವಾಚನಾಲಯ ಸರ್ಕಾರಕ್ಕೆ ಸೇರುತ್ತದೆ, ಹನ್ನೊಂದು ವರ್ಷದಿಂದ ‘ತಾತ್ಕಾಲಿಕ’ ಎಂಬ ಬಾಲ ಅಂಟಿಸಿಕೊಂಡು ಕೂತಿರುವ ಶಿವಮಲ್ಲಪ್ಪನ ಕೆಲಸ ಖಾಯಂ ಆಗುತ್ತದೆ. ಹೆಂಡತಿ ಶಿವರತ್ನಮ್ಮ ಬೆಳಿಗ್ಗೆ ಒಗೆದ ಅಂಗಿ ಕೊಡುತ್ತಾ, “ಇವತ್ತೊಂದಿನ ಮುಖ ಗಂಟು ಹಾಕ್ಕೋಬ್ಯಾಡಿ, ನಿಮ್ಮ ದಮ್ಮಯ್ಯ” ಅಂದಿದ್ದಳು. ಆ ಅಂಗಿಯ ಜೇಬಿನಲ್ಲೇ ಈಗ ಕಾರ್ಡು ಇತ್ತು. ಎದೆಗೆ ಚುಚ್ಚುತ್ತಿತ್ತು.

ಇಷ್ಟಕ್ಕೂ ತಪ್ಪು ಶುರುವಾದದ್ದು ಇಲ್ಲಿ ಕೊಳ್ಳೇಗಾಲದಲ್ಲಲ್ಲ, ಮೈಸೂರಿನ ಆರು ವಾರದ ತರಬೇತಿಯಲ್ಲಿ. ಅಲ್ಲಿ ಒಂದು ದಿನ ಎದ್ದು ನಿಂತು ವಿಷಯಗಳ ಪಟ್ಟಿ ಓದುವಾಗ ಇವನ ಬಾಯಲ್ಲಿ ‘ಹಾವು’ ‘ಆವು’ ಆಗಿ, ‘ಹೆರಿಗೆ’ ‘ಎರಿಗೆ’ ಆಗಿ, ಇಪ್ಪತ್ತೆರಡು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಳಂದೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವನ ಬಾಯಿ ಇನ್ನು ಹೇಗಿರಬೇಕಿತ್ತು? ಮೇಷ್ಟರು ಕೂಡ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದನ್ನು ಇವನು ನೋಡಿದ್ದ. ಊರಿಗೆ ಬಂದವನೇ ಹಠ ತೊಟ್ಟು ನಿಘಂಟು ತೆರೆದು ಕೂತ. ತಾನು ಹುಟ್ಟಿದಾಗಿನಿಂದ ಆಡಿದ ಒಂದು ಮಾತೂ ಕಾರ್ಡಿನ ತಲೆಯ ಮೇಲೆ ಕೂರಕೂಡದು! ಅಡಿಗೆ ‘ಪಾಕಶಾಸ್ತ್ರ’ ಆಯಿತು. ಹೆರಿಗೆ ‘ಪ್ರಸೂತಿ’. ರೇಷ್ಮೆಹುಳು ಮನೆಮನೆಯಲ್ಲೂ ಇರುವ ಊರಿನಲ್ಲಿ ಅದು ‘ಕೌಶೇಯ ಕೃಮಿ’. ನಾಯಿ ‘ಶ್ವಾನ’. ಬರೆದದ್ದನ್ನು ತಾನೇ ದೂರ ಹಿಡಿದು ನೋಡಿ ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. ಓದುಗರೋ, ಬೀರುವಿನ ಹತ್ತಿರವೂ ಸುಳಿಯದೆ ಸೀದಾ ಮೇಜಿಗೆ ಬಂದು “ಸ್ವಾಮಿ, ಹುಳದ ರೋಗದ್ದು ಏನಾದ್ರೂ ಇದ್ಯಾ?” ಅಂತ ಕೇಳುತ್ತಿದ್ದರು, ಇವನು ಎದ್ದು ಹೋಗಿ ಕಣ್ಣುಮುಚ್ಚಿಕೊಂಡು ತೆಗೆದುಕೊಡುತ್ತಿದ್ದ. ಹಾಗೇ ನಡೆದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಕಳೆದ ಆಷಾಢದ ಆ ಗುರುವಾರ ಬೆಳಿಗ್ಗೆ ಸಮಿತಿಯ ಅಧ್ಯಕ್ಷರು, ರೇಷ್ಮೆ ವ್ಯಾಪಾರದ ಸದಾಶಿವಪ್ಪನವರು, ನಾಲ್ಕು ಜನರ ಎದುರಿಗೆ ಬೀರುವನ್ನು ಬೆತ್ತದಿಂದ ತಟ್ಟಿ, “ಏನಯ್ಯಾ ಶಿವಮಲ್ಲಪ್ಪ, ಬಂದೋರೆಲ್ಲಾ ನಿನ್ನನ್ನೇ ಕೇಳ್ತಾರೆ. ಹಂಗಾದ್ರೆ ಇದ್ಯಾತಕ್ಕೆ? ಅವಲಕ್ಕಿ ತುಂಬಿಡೋಕಾ?” ಅಂದರು. ನಾಲ್ಕು ಜನವೂ ನಕ್ಕರು. ಅದೇ ನಗು. ಮೈಸೂರಿನದೇ ನಗು ಬಸ್ಸು ಹತ್ತಿ ಬಂದಿತ್ತು. ಅವರು ಹೋದ ಅರ್ಧ ಗಂಟೆಗೆ ಶಾಗ್ಯದ ಪುಟ್ಟಮಾದಯ್ಯ ಬಂದ. ಒಡೆಯರ ಮನೆಯ ರೇಷ್ಮೆಗೂಡನ್ನು ಪ್ರತಿ ಗುರುವಾರ ಮಾರ್ಕೆಟ್ಟಿಗೆ ತರುತ್ತಿದ್ದ ಆಳು, ಹೊಸಿಲ ಆಚೆಗೇ ನಿಂತು ಟವೆಲು ಕೈಗೆ ತೆಗೆದುಕೊಂಡು ಕೇಳಿದ: “ಸಾ, ನಾಯಿ ಕಚ್ಚದ್ರ ಮ್ಯಾಲೆ ಏನಾರ ಪುಸ್ತಕ ಅದಾ?” ಶಿವಮಲ್ಲಪ್ಪನ ಬೆರಳು ತಾನಾಗಿಯೇ ಬೀರುವಿನ ಕಡೆ ಹೋಯಿತು. “ಅಲ್ಲಿ ನೋಡ್ಕೋ.” “ಅಲ್ಲ ಸಾ, ನನ್ನೆಂಡ್ರು ಏನ್ಮಾಡವ್ಳೆ ಅಂದ್ರೆ...” “ಓದೋಕೆ ಬರ್ತದೋ ಇಲ್ವೋ? ಬಂದ್ರೆ ನೋಡ್ಕೋ. ಕಾರ್ಡು ಇರೋದು ಅದಕ್ಕೇ. ನಾನೇನು ಬಂದೋರಿಗೆಲ್ಲಾ ಎತ್ತಿ ಕೊಡೋ ಜೀತದಾಳಾ?” ಅಂದುಬಿಟ್ಟ. ಅಂದಮೇಲೆ ಒಂದು ಥರ ಸಮಾಧಾನವಾಯಿತು ಎಂಬುದನ್ನು ಅವನು ಈಗಲೂ ಮರೆಯಲಾರ. ಪುಟ್ಟಮಾದಯ್ಯ ಒಳಗೆ ಬಂದು, ಎರಡು ಗಂಟೆ ಹೊತ್ತು, ನಿಂತೇ, ತುಟಿ ಅಲ್ಲಾಡಿಸಿಕೊಂಡು ಒಂದೊಂದೇ ಕಾರ್ಡು ಓದಿದ. ಶಿವಮಲ್ಲಪ್ಪ ಅವನನ್ನು ನೋಡಿ ಒಳಗೊಳಗೇ ಹೆಮ್ಮೆಪಟ್ಟ. ಸದಾಶಿವಪ್ಪನವರು ಈಗ ಬರಬೇಕಿತ್ತು, ಒಬ್ಬ ಕೂಲಿಯವನು ನನ್ನ ಕಾರ್ಡು ನೋಡುವುದನ್ನು ಕಣ್ಣಾರೆ ಕಾಣಬೇಕಿತ್ತು ಅಂದುಕೊಂಡ. ಹೊರಡುವಾಗ ಪುಟ್ಟಮಾದಯ್ಯ ಕೈ ಮುಗಿದು, “ಇಲ್ಲ ಕನ ಸಾ, ಬತ್ತಿನಿ” ಅಂದ. ಶಿವಮಲ್ಲಪ್ಪ ಪತ್ರಿಕೆಯಿಂದ ತಲೆ ಎತ್ತದೆ “ಹೂಂ” ಅಂದ.

ಆಮೇಲೆ ಎರಡು ತಿಂಗಳಿಗೆ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾದು ನಿಂತ ಶಿವಮಲ್ಲಪ್ಪನ ಪಕ್ಕದಲ್ಲಿ ಬೋಳುತಲೆಯ ಒಬ್ಬ ಕೂತಿದ್ದ. ನೋಡಿದರೆ ಪುಟ್ಟಮಾದಯ್ಯ. ಏನಪ್ಪಾ ಬೆಟ್ಟಕ್ಕೆ ಮುಡಿ ಕೊಟ್ಟು ಬಂದೆಯಾ ಎಂದು ಸುಮ್ಮನೆ ಮಾತಿಗೆ ಕೇಳಿದ. ಕೇಳಬಾರದಿತ್ತು. ಪುಟ್ಟಮಾದಯ್ಯ, ಯಾರದೋ ಮನೆ ಸುದ್ದಿ ಹೇಳುವವನ ಹಾಗೆ, ನೆಲ ನೋಡಿಕೊಂಡು ಹೇಳಿದ: “ಬೆಟ್ಟಕ್ಕೂ ಓಗಿದ್ದೆ ಸಾ. ನನ್ನೆಂಡ್ರು ಚಿಕ್ಕನಿಂಗಮ್ಮ ಓಗ್ಬುಟ್ಲು. ಆಡಿಗೆ ಬಾಯಾಕ ಬಂದ ನಾಯ ಓಡ್ಸಕೋಗಿ ಕೈಗೆ ಕಚ್ಚುಸ್ಕಂಡ್ಲು. ಊರಲ್ಲಿ ಸೊಪ್ಪು ಕಟ್ಟಿ ದಾರ ಕಟ್ಟುದ್ರು. ಆಸ್ಪತ್ರೆಗೆ ನಡಿಯಮ್ಮಿ ಅಂದ್ರೆ ಒಕ್ಕುಳ ಸುತ್ತ ಅದ್ನಾಕು ಸೂಜಿ ಚುಚ್ತರೆ, ಸತ್ರೂ ಬರಕಿಲ್ಲ ಅಂದ್ಲು. ಅವ್ಳಿಗೆ ಅಚ್ಚಾಗಿರದು ಅಂದ್ರೆ ನಂಬ್ಕೆ ಸಾ. ಪುಸ್ತಕದಲ್ಲಿ ಬರ್ದದೆ ನೋಡು ಅಂತ ತೋರ್ಸುದ್ರೆ ಬತ್ತಿದ್ಲು. ಅದ್ಕೇ ಆವತ್ತು ನಿಮ್ತಾವ ಬಂದಿದ್ದೆ. ಏನ್ಮಾಡದು, ಅಂತದು ಒಂದು ಪುಸ್ತಕ ಇರ್ನಿಲ್ಲ. ಕಡೇಲಿ ನೀರ ಕಂಡ್ರೆ ಕಿರ್ಚ್ಕತಿದ್ಲು.” ಶಿವಮಲ್ಲಪ್ಪನ ಬಸ್ಸು ಬಂತು, ಹೋಯಿತು. ಅವನು ವಾಚನಾಲಯಕ್ಕೆ ಓಡಿ ಬಂದು ‘ಜ–ಣ’ ಡ್ರಾಯರು ಎಳೆದ. ತನ್ನ ಕೈಬರಹ, ಮುತ್ತಿನಂಥ ಅಕ್ಷರ, ಕಪ್ಪು ಶಾಯಿ. ಜಲಭೀತಿ. ಹುಚ್ಚುನಾಯಿ ರೋಗದ ಮೇಲೆ ಅರವತ್ತು ಪುಟದ ಪುಸ್ತಕ, ವಾಚನಾಲಯಕ್ಕೆ ಬಂದದ್ದು ೧೯೬೮ರ ಮಾರ್ಚಿ. ಕಪಾಟಿನಲ್ಲಿ ಇತ್ತು, ಕೈಗೆಟುಕುವ ಎತ್ತರದಲ್ಲೇ ಇತ್ತು, ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಗಿಲು ಹಾಕಿಕೊಂಡು ಅವನು ಅತ್ತ.

ಅದೇ ಸಂಜೆ ಒಂದು ಹೊಸ ಕಾರ್ಡು ತೆಗೆದು ಬರೆದ. ‘ನಾಯಿ ಕಡಿತ, ಹುಚ್ಚುನಾಯಿ — ನೋಡಿ: ಜಲಭೀತಿ’. ಜನ ಆಡುವ ಮಾತಿನಿಂದ ಕಾರ್ಡಿನ ಮಾತಿಗೆ ದಾರಿ ತೋರುವ ಇಂಥ ‘ನೋಡಿ’ ಕಾರ್ಡುಗಳನ್ನು ಧಾರಾಳವಾಗಿ ಬರೆಯಿರಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇವನು ಬರೆದಿರಲಿಲ್ಲ. ಬರೆದರೆ ಆ ಮಾತುಗಳು ಮತ್ತೆ ಬೀರುವಿನೊಳಕ್ಕೆ ಬರುತ್ತಿದ್ದವಲ್ಲ, ಅದಕ್ಕೇ. ನಾಲ್ಕು ಮಾತು ಬರೆಯಲು ಐದು ನಿಮಿಷ ಹಿಡಿಯಲಿಲ್ಲ. ಐದು ನಿಮಿಷದ ಕೆಲಸ! ಮನೆಗೆ ಹೋಗಿ ಶಿವರತ್ನಮ್ಮನಿಗೆ ಹೇಳೋಣವೆಂದು ಬಾಯಿ ತೆರೆದು, “ಸಾರಿಗೆ ಉಪ್ಪು ಕಡಿಮೆ” ಅಂದ. ಮುಂದಿನ ಗುರುವಾರ ಪುಟ್ಟಮಾದಯ್ಯ ವಾಚನಾಲಯಕ್ಕೆ ಬಂದು ಒಳಗೆ ಬೆಂಚಿನ ತುದಿಯಲ್ಲಿ ಕೂತು ಪತ್ರಿಕೆ ಬಿಡಿಸಿದ. ಮನೆಗೆ ಬೇಗ ಹೋಗಿ ಮಾಡುವುದೇನೂ ಇರಲಿಲ್ಲವಂತೆ. ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನದ ಹನ್ನೆರಡರಿಂದ ಎರಡರವರೆಗೆ ಅವನು ಅಲ್ಲೇ. ತಲೆಗೂದಲು ವಾರವಾರಕ್ಕೂ ಬೆಳೆಯುವುದನ್ನು ಶಿವಮಲ್ಲಪ್ಪ ಮೇಜಿನ ಹಿಂದಿನಿಂದ ನೋಡಬೇಕಿತ್ತು. ಹೋಗುವಾಗ ಕೈಮುಗಿದು “ಬತ್ತಿನಿ ಸಾ” ಅನ್ನುವುದನ್ನು ಕೇಳಿಸಿಕೊಳ್ಳಬೇಕಿತ್ತು. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ಆ ಮನುಷ್ಯನ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿಬಿಡುತ್ತಿದ್ದೆನೋ ಏನೋ ಅನ್ನಿಸುತ್ತಿತ್ತು. ಕೈಮುಗಿಯುವವನಿಗೆ ಹೇಳುವುದು ಹೇಗೆ?

ಇವತ್ತು ಗುರುವಾರ.

ಹತ್ತು ಗಂಟೆಗೆ ನೆಲ ಗುಡಿಸುವ ದೊಡ್ಡಬಸಮ್ಮ ಬಂದು, “ಯಾಕ್ಸಾ, ಎದೆ ಇಡ್ಕಂಡು ಕುಂತಿದ್ದೀರಿ, ಉಸಾರಿಲ್ವಾ?” ಅಂದಾಗ ಅವನ ಕೈ ಜೇಬಿನ ಮೇಲಿತ್ತು. ಕಾರ್ಡು ತೆಗೆದದ್ದು ಯಾಕೆಂದು ತನಗೆ ತಾನೇ ಹತ್ತು ಕಾರಣ ಕೊಟ್ಟುಕೊಂಡಿದ್ದ. ಇಷ್ಟು ಬಿಳಿಯ ಕಾರ್ಡು ನೋಡಿದರೆ ಅಧಿಕಾರಿ ಇದೊಂದು ಯಾಕೆ ಹೊಸದು, ಯಾವಾಗ ಹಾಕಿದ್ದು ಎಂದು ಕೇಳಿಯೇ ಕೇಳುತ್ತಾರೆ, ಸದಾಶಿವಪ್ಪನವರು ಪಕ್ಕದಲ್ಲೇ ಇರುತ್ತಾರೆ, ಬಾಯಿ ತಡವರಿಸುತ್ತದೆ, ಕೆಲಸ ಹೋಗುತ್ತದೆ. ಒಂದು ದಿನದ ಮಟ್ಟಿಗೆ ತಾನೆ, ನಾಳೆ ಮತ್ತೆ ಹಾಕಿದರಾಯಿತು. ಆದರೆ ಇವತ್ತೇ ಯಾರಾದರೂ ಬಂದರೆ? ಹನೂರಿಂದಲೋ ಪಾಲಾರಿಂದಲೋ ಇನ್ನೊಬ್ಬ ಟವೆಲು ಕೈಗೆ ತೆಗೆದುಕೊಂಡು ಬಂದು ನಿಂತರೆ? ಹೊರಗೆ ಅಧ್ಯಕ್ಷರ ಕಾರಿನ ಹಾರನ್ನು ಕೇಳಿಸಿತು. ಶಿವಮಲ್ಲಪ್ಪ ಎದ್ದವನೇ ‘ತ–ನ’ ಡ್ರಾಯರು ಎಳೆದು, ಕಾರ್ಡನ್ನು ಅದರ ಜಾಗಕ್ಕೆ ತುರುಕಿದ.

ಅಧಿಕಾರಿ ಒಳ್ಳೆಯವರು, ಅದೇ ಕಷ್ಟವಾಯಿತು. ಒಂದೊಂದು ಡ್ರಾಯರನ್ನೂ ಮೆಲ್ಲಗೆ ಎಳೆದು, ಕನ್ನಡಕ ಏರಿಸಿ ಇಳಿಸಿ, “ಅಬ್ಬಾ, ಏನು ಅಕ್ಷರ ರೀ! ಜಿಲ್ಲೆಯಲ್ಲೆಲ್ಲೂ ಇಂಥ ಕಾರ್ಡು ನೋಡಲಿಲ್ಲ” ಅಂದರು. ಸದಾಶಿವಪ್ಪನವರು ತಾವೇ ಬರೆದವರಂತೆ ಬೀಗಿ, “ನಮ್ಮ ಹುಡುಗ ಸಾರ್, ನಾನೇ ತಯಾರು ಮಾಡಿದ್ದು” ಅಂದರು. ಕರೆಸಿ ಕೂರಿಸಿದ್ದ ಶಾಲೆಯ ಇಬ್ಬರು ಮೇಷ್ಟರುಗಳು ಅಧಿಕಾರಿ ಹೇಳಿದ ಪುಸ್ತಕವನ್ನು ಥಟ್ಟನೆ ಹುಡುಕಿ ತೋರಿಸಿದರು. ಅಧಿಕಾರಿ ಕೈಗಡಿಯಾರ ನೋಡಿ ಹಾಳೆಯಲ್ಲಿ ನಿಮಿಷ ಗುರುತು ಹಾಕಿಕೊಂಡರು. ಹನ್ನೆರಡಾಗಲು ಇನ್ನೂ ಹತ್ತು ನಿಮಿಷವಿತ್ತು. ಮುಗಿಯಿತು, ಊಟಕ್ಕೆ ಎಬ್ಬಿಸಿಕೊಂಡು ಹೋದರೆ ಮುಗಿಯಿತು ಎಂದು ಶಿವಮಲ್ಲಪ್ಪ ಮನಸ್ಸಿನಲ್ಲೇ ಅಂಗಲಾಚುತ್ತಿದ್ದ. “ಮೇಷ್ಟ್ರುಗಳು ಸಾಲದು,” ಅಂದರು ಅಧಿಕಾರಿ, “ಸಾಮಾನ್ಯ ಓದುಗರು ಒಬ್ಬರಾದರೂ ಬೇಕು.” ಅಷ್ಟರಲ್ಲಿ ಹೊಸಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

“ಬನ್ನಿ ಬನ್ನಿ, ಒಳ್ಳೇ ಹೊತ್ತಿಗೆ ಬಂದಿರಿ,” ಎಂದು ಅಧಿಕಾರಿಯೇ ಎದ್ದು ಹೋಗಿ ಪುಟ್ಟಮಾದಯ್ಯನ ತೋಳು ಹಿಡಿದು ಕರೆತಂದರು.

“ಬೇಡ ಸಾರ್,” ಅಂದುಬಿಟ್ಟ ಶಿವಮಲ್ಲಪ್ಪ. “ಅವರಿಗೆ ಓದು ಅಷ್ಟಕ್ಕಷ್ಟೆ. ಸುಮ್ಮನೆ ಕೂತು ಹೋಗೋಕೆ ಬರ್ತಾರೆ.”

ಪುಟ್ಟಮಾದಯ್ಯ ಅವನನ್ನು ನೋಡಿದ. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. “ನಾಕ್ನೇ ಕಳಾಸು ಓದಿವ್ನಿ ಸಾ,” ಅಂದ.

“ಅಷ್ಟು ಸಾಕು,” ಅಧಿಕಾರಿ ನಕ್ಕರು. “ನೋಡಿ ಯಜಮಾನರೇ, ನಾನು ಯಾವ ಪುಸ್ತಕವನ್ನೂ ಹೇಳುವುದಿಲ್ಲ. ನಿಮಗೇ ಬೇಕಾದ್ದು ಯಾವುದಾದರೂ ಹುಡುಕಿ. ಹಿಂದೆ ಹುಡುಕಿ ಸಿಗದೆ ಹೋದದ್ದು ಇದ್ದರೆ ಇನ್ನೂ ಒಳ್ಳೆಯದು.”

“ಒಂದ್ಸಲ ಉಡ್ಕಿದ್ದೆ ಸಾ. ಇರ್ನಿಲ್ಲ. ಅದು ಇವ್ರ ತೆಪ್ಪಲ್ಲ, ಅಂತ ಪುಸ್ತಕನೇ ಬಂದಿರ್ನಿಲ್ಲ. ಇವ್ರು ಪಾಪ ನೋಡ್ಕೋ ಅಂತ ಬೀರೂನೇ ಬುಟ್ಕೊಟ್ಟಿದ್ರು.”

“ಇರಲಿ, ಇನ್ನೊಂದು ಸಲ ನೋಡಿ,” ಎಂದು ಅಧಿಕಾರಿ ಗಡಿಯಾರದ ಕಡೆ ಕಣ್ಣು ಹಾಕಿದರು.

ಪುಟ್ಟಮಾದಯ್ಯ ಯಾರನ್ನೂ ಕೇಳದೆ ಸೀದಾ ಬಲಗಡೆಯ ಎರಡನೆಯ ಡ್ರಾಯರಿಗೆ ಹೋದ. ದಪ್ಪ ಉಗುರಿನ ಬೆರಳು, ಗೂಡು ಬಿಡಿಸಿ ಬಿಡಿಸಿ ತುದಿ ಒರಟಾದ ಬೆರಳು, ಒಂದೊಂದೇ ಕಾರ್ಡನ್ನು ಹಿಂದಕ್ಕೆ ಬೀಳಿಸುತ್ತಾ ಹೋಯಿತು. ತುಟಿ ಅಲ್ಲಾಡುತ್ತಿತ್ತು. ಈಗ ಕೂಗಿಬಿಡಬೇಕು, ಮಧ್ಯೆ ಹೋಗಿ ಡ್ರಾಯರು ಮುಚ್ಚಿಬಿಡಬೇಕು, ತಲೆ ತಿರುಗಿತೆಂದು ಬಿದ್ದುಬಿಡಬೇಕು ಅಂದುಕೊಳ್ಳುತ್ತಲೇ ಶಿವಮಲ್ಲಪ್ಪ ನಿಂತಲ್ಲೇ ನಿಂತಿದ್ದ. ಜೊತೆಗೆ, ಎಂಥ ಹಾಳು ಮನಸ್ಸು ಇದು, ಸಿಗಲಿ, ಬೇಗ ಸಿಗಲಿ, ಸಿಕ್ಕಿ ಇದೊಂದು ಮುಗಿದುಹೋಗಲಿ ಎಂದೂ ಬೇಡಿಕೊಳ್ಳುತ್ತಿತ್ತು. ಬೆರಳು ನಿಂತಿತು.

“ಇದು ಆವತ್ತು ಇರ್ನಿಲ್ಲ.”

“ಏನು?” ಅಂದರು ಅಧಿಕಾರಿ.

“ಈ ಕಾರ್ಡು ಸಾ. ನಾಟ್ಕ ಇತ್ತು, ನಾಣ್ಯ ಇತ್ತು, ಅದಾದ್ಮೇಲೆ ನಾರಿ ಅಂತ ಇತ್ತು. ಎಲ್ಡು ಗಂಟೆ ನಿಂತು ನೋಡಿವ್ನಿ, ಬಾಯ್ಗೆ ಬತ್ತದೆ. ನಡುವೆ ಇದು ಇರ್ನಿಲ್ಲ.” ಅವನು ಬಗ್ಗಿ ಓದಿದ. “ನಾಯಿ ಕಡಿತ. ನೋಡಿ. ಜ... ಜಲಬೀತಿ.” ಆಮೇಲೆ, ಯಾರೂ ಹೇಳಿಕೊಡದೆ, ಮೇಲಿನ ಸಾಲಿಗೆ ಕೈ ಹಾಕಿ ‘ಜ–ಣ’ ಎಳೆದ. ಅಲ್ಲಿನ ಕಾರ್ಡು ಹಳೆಯದು, ಅಂಚು ಕಂದಿದ್ದು. ಅದನ್ನು ಬಹಳ ಹೊತ್ತು ಓದಿದ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಪುಸ್ತಕ ಬಂದ ತಾರೀಖು. ಅದನ್ನೂ ಓದಿದ. “ಅರವತ್ತೆಂಟು,” ಅಂದ.

“ಭೇಷ್! ಮೂರೇ ನಿಮಿಷ!” ಅಧಿಕಾರಿ ಹಾಳೆಯಲ್ಲಿ ಗೀಚಿಕೊಂಡರು. “ನೋಡಿದಿರಾ ಸದಾಶಿವಪ್ಪನವರೇ, ಒಂದು ‘ನೋಡಿ’ ಕಾರ್ಡು ಎಷ್ಟು ಕೆಲಸ ಮಾಡುತ್ತೆ? ಶಿವಮಲ್ಲಪ್ಪ, ಇದು ಹೊಸದಾಗಿ ಹಾಕಿದ್ದಲ್ಲವೇ? ಯಾವಾಗ?”

“ಮೂರ್ನಾಲ್ಕು ತಿಂಗಳಾಯ್ತು ಸಾರ್.”

“ಯಾರಾದರೂ ಓದುಗರು ಕೇಳಿದ್ದರೋ?”

ಇಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೇ ಇತ್ತು. “ಹೌದು,” ಅಂದ ಶಿವಮಲ್ಲಪ್ಪ, “ಕೇಳಿದ್ರು. ಪುಸ್ತಕ ಇಲ್ಲೇ ಇತ್ತು. ನಾನು ಎದ್ದು ಕೊಡಲಿಲ್ಲ.”

ಅಧಿಕಾರಿಗೆ ಅರ್ಥವಾಗಲಿಲ್ಲ. “ಇರಲಿ ಇರಲಿ, ಈಗ ಸರಿಪಡಿಸಿದ್ದೀರಲ್ಲ,” ಅಂದರು. ಪುಟ್ಟಮಾದಯ್ಯ ಮಾತ್ರ ತಿರುಗಿ ಶಿವಮಲ್ಲಪ್ಪನನ್ನೇ ನೋಡುತ್ತಾ, “ತಕ್ಕೊಡಿ ಸಾ,” ಅಂದ.

ಶಿವಮಲ್ಲಪ್ಪ ಹೋಗಿ ಪುಸ್ತಕ ತಂದುಕೊಟ್ಟ. ಹತ್ತು ಹೆಜ್ಜೆ ಹೋಗಲು, ಹತ್ತು ಹೆಜ್ಜೆ ಬರಲು. ಪುಟ್ಟಮಾದಯ್ಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನಡುವೆ ಎಲ್ಲೋ ತೆರೆದು, ನಾಲ್ಕನೆಯ ಕ್ಲಾಸಿನ ಹುಡುಗನಂತೆ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: “ಕಚ್ಚಿ... ಎಷ್ಟೇ ದಿನ ಕಳೆದಿದ್ದರೂ... ರೋಗದ ಲಕ್ಷಣ ಕಾಣುವ ಮುನ್ನ... ಚುಚ್ಚುಮದ್ದು ಹಾಕಿಸಿದಲ್ಲಿ... ಬಹುಮಟ್ಟಿಗೆ ಪ್ರಾಣ ಉಳಿಯುವುದು.” ನಿಲ್ಲಿಸಿದ. ಅದೇ ಸಾಲನ್ನು ಇನ್ನೊಂದು ಸಲ ಓದಿದ, ಈ ಸಲ ಎಲ್ಲೂ ತಡವರಿಸಲಿಲ್ಲ. “ನಾನು ಬಂದಾಗ ಆರು ದಿನ ಆಗಿತ್ತು ಸಾ,” ಅಂದ. “ಅವ್ಳು ಆವಾಗಿನ್ನೂ ಕಳೆ ಕೀಳಕೋಯ್ತಿದ್ಲು.”

ಸದಾಶಿವಪ್ಪನವರು ಊಟ ತಣ್ಣಗಾಗುತ್ತದೆಂದು ಅಧಿಕಾರಿಯ ಕಿವಿಯಲ್ಲಿ ಏನೋ ಅನ್ನುತ್ತಿದ್ದರು. ಪುಟ್ಟಮಾದಯ್ಯ ಪುಸ್ತಕ ಮುಚ್ಚಿ, ಅದರ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿ, ಮೇಜಿನ ಮೇಲೆ ಇಟ್ಟ. ಮನೆಗೆ ಬೇಕಾದರೆ ಒಯ್ಯಿ ಎಂದು ಶಿವಮಲ್ಲಪ್ಪ ಹೇಳಿದ್ದು ಅರ್ಧಕ್ಕೇ ನಿಂತಿತು. “ಮನೇಲಿ ಯಾರಿಗ್ ತೋರ್ಸ್ಲಿ?” ಅಂದ ಪುಟ್ಟಮಾದಯ್ಯ. “ಇಲ್ಲೇ ಮಡಗಿ. ಆದ್ರೆ ಒಂದ್ಮಾತು ಸಾ. ಇನ್ಯಾರಾರ ಕೇಳ್ಕಂಡು ಬಂದ್ರೆ, ಬೀರು ತೋರುಸ್ಬ್ಯಾಡಿ. ಎದ್ದೋಗಿ ತಕ್ಕೊಡಿ.” ಹೊಸಿಲು ದಾಟಿ ಚಪ್ಪಲಿ ಮೆಟ್ಟಿದ. ಇವತ್ತು ಕೈಮುಗಿಯಲಿಲ್ಲ, ಬತ್ತಿನಿ ಅನ್ನಲೂ ಇಲ್ಲ. ಶಿವಮಲ್ಲಪ್ಪ ಅದಕ್ಕಾಗಿ ಕಾದು ನಿಂತೇ ಇದ್ದ.

“ಇಲ್ಲೊಂದು ರುಜು ಹಾಕಿಬಿಡಿ,” ಅಧಿಕಾರಿ ಹಾಳೆ ಮುಂದಕ್ಕೆ ತಳ್ಳಿ ತಮ್ಮ ಪೆನ್ನನ್ನೇ ಕೊಟ್ಟರು. ಮೂರನೆಯ ಓದುಗರು, ಹುಡುಕಿದ ವಿಷಯ ನಾಯಿ ಕಡಿತ, ಹಿಡಿದ ಕಾಲ ಮೂರು ನಿಮಿಷ. ಅದರ ಮುಂದಿನ ಕಾಲಮ್ಮಿನಲ್ಲಿ ‘ಸಿಕ್ಕಿತು’ ಎಂದು ಬರೆದಿದ್ದರು. ಶಿವಮಲ್ಲಪ್ಪ ರುಜು ಹಾಕಿದ. ಅಕ್ಷರ ಎಂದಿನಂತೆ ಮುದ್ದಾಗಿಯೇ ಬಂತು.